ಚಾಕು ತೀಡುವ ತೊಗಲಿಗೆ ಏನನ್ನಬೇಕು?

ಪ್ರಶ್ನೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ದುರ್ಗದ ಬೈಲಿನ ಹತ್ತಿರ ಗೆಳೆಯರದೊಂದು ಚಾಕು, ಕತ್ತರಿ ಅಂಗಡಿ ಇದೆ. ಹಲಗೆಗೆ ತೊಗಲು ಅಂಟಿಸಿದ ‘ಸ್ಟ್ರಾಪ್’ ಮಾರಾಟಕ್ಕೆ ತರಿಸಿದ್ದಾರೆ. ಕಲ್ಲಿನಲ್ಲಿ ಮಸೆದ ಮೇಲೆ ಚಾಕುವನ್ನು ತೊಗಲಿನ ಮೇಲೆ ಎಳೆಯುತ್ತಾರಲ್ಲ, ಅದು. ಬೋರ್ಡು ಮತ್ತು ಒಂದು ಪುಟದ ಬಳಕೆಯ ಚೀಟಿ ಕನ್ನಡದಲ್ಲಿ ಬೇಕು. ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ. ಸದ್ಯ ‘ಸಾಣೆಪಟ್ಟಿ’ ಅಂತ ಬರೆದಿಟ್ಟಿದ್ದೇನೆ. ನಡೆಯುತ್ತಾ?

ಉತ್ತರ (ಹಾವೇರಿ)

ನಡೆಯಲ್ಲ. ಸಾಣೆ ಸಂಸ್ಕೃತದ ಶಾಣ, ಪಟ್ಟಿ ಸಂಸ್ಕೃತದ ಪಟ್ಟ. ಎರಡೂ ಎರವಲು. ‘ಮಸೆದೊಗಲು’ ಎನ್ನಿ. ಮಸೆಗಲ್ಲು ಇದೆಯಲ್ಲ, ಅದೇ ಸಂಧಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಉತ್ತರ (ಗದಗ)

ಮಸೆದೊಗಲು ಅಂದರೆ ಅಂಗಡಿಯವರಿಗೇ ತಿಳಿಯಲ್ಲ. ನಮ್ಮ ಕಡೆ ಗಿರಣಿಯ ಬೆಲ್ಟಿಗೂ ಸೊಂಟದ ಬೆಲ್ಟಿಗೂ ಪಟ್ಟಾ ಅನ್ನುತ್ತಾರೆ. ಅದು ಮರಾಠಿ ಅಂತ ಯಾರೂ ಅತ್ತಿಲ್ಲ. ಸ್ಟ್ರಾಪ್ ಅಂತಲೇ ಬರೆಸಿ. ಬಸ್ಸು, ಟೇಬಲ್ಲು ಬಿಟ್ಟಿದ್ದೀರಾ?

ಉತ್ತರ (ಧಾರವಾಡ)

ಇಬ್ಬರೂ ಪದದ ಕುಲ ಕೇಳುತ್ತಿದ್ದೀರಿ, ಕೆಲಸ ಏನು ಅಂತ ಕೇಳುತ್ತಿಲ್ಲ.

ಸಾಣೆ, ಮಸೆ ಎರಡೂ ಲೋಹ ಸವೆಸುವ ಮಾತು. ತೊಗಲು ಲೋಹ ಸವೆಸುವುದು ತೀರಾ ಕಮ್ಮಿ. ಕಲ್ಲಿನಲ್ಲಿ ಮಸೆದಾಗ ಚಾಕುವಿನ ಬಾಯಿಗೆ ತೆಳ್ಳನೆಯ ಲೋಹದ ಎಸಳೊಂದು ಏಳುತ್ತದೆ, ಒಂದು ಮಗ್ಗಲಿಗೆ ಬಾಗಿ ನಿಲ್ಲುತ್ತದೆ. ಉಗುರನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಮೆಲ್ಲಗೆ ಜಾರಿಸಿ ನೋಡಿ, ತಡೆಯುತ್ತದೆ. ಆ ಎಸಳನ್ನು ನೆಟ್ಟಗೆ ಮಾಡಿ ಕಳಚುವುದು ತೊಗಲಿನ ಕೆಲಸ. ಎಳೆಯುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ಕಲ್ಲಿನ ಮೇಲೆ ಹಿಡಿದಷ್ಟೇ ಓರೆ. ತೊಗಲಿನ ತುದಿ ಮುಟ್ಟಿದ ಮೇಲೆ ಚಾಕುವನ್ನು ಬೆನ್ನಿನ ಮೇಲೆ ಮಗುಚಿ ವಾಪಸ್ ಎಳೆಯಬೇಕು. ಬಾಯಿ ಮುಂದಾಗಿ ತಳ್ಳಿದರೆ ತೊಗಲೇ ಸೀಳುತ್ತದೆ.

ಇದನ್ನು ಮಸೆಯೋದು ಅನ್ನಲಾಗದು. ಇದು ತೀಡೋದು. ಮೀಸೆ ತೀಡುತ್ತೇವೆ, ಹುಬ್ಬು ತೀಡುತ್ತೇವೆ. ಅದೇ ಹಗುರ ಕೈ. ತಮಿಳರು ಇಂದಿಗೂ ಕತ್ತಿಗೆ ‘ತೀಟ್ಟು’ ಅನ್ನುತ್ತಾರೆ.

ಇನ್ನು ನಾಮಪದಕ್ಕೆ ಬಾರು ಸಾಕು. ಬಾರುಕೋಲಿನ ಬಾರು, ತಮಿಳಿನ ವಾರ್. ತೊಗಲಿನ ಪಟ್ಟಿ ಅಂತಲೇ ಅರ್ಥ, ತೊಗಲು ಅಂತ ಬೇರೆ ಸೇರಿಸೋದು ದಂಡ. ಹಾಗಾಗಿ ತೀಡುಬಾರು. ಕಡೆಗೋಲಿನ ಹಾಗೆ ಧಾತುವಿಗೆ ನೇರ ನಾಮಪದ. ಹಲಗೆಗೆ ಅಂಟಿಸಿದ್ದು ಬಾರು ಹೇಗಾಯಿತು ಅನ್ನಬೇಡಿ. ಕ್ಷೌರದಂಗಡಿಯಲ್ಲಿ ತೂಗುಹಾಕುತ್ತಿದ್ದ ತೊಗಲಿನ ಪಟ್ಟಿ ಇದೇ ಕೆಲಸ ಮಾಡುತ್ತಿತ್ತು.

ಗದಗಿನವರಿಗೆ: ಸ್ಟ್ರಾಪ್ ಎರವಲು ಅಂತ ನನ್ನ ತಕರಾರಿಲ್ಲ. ಬೋರ್ಡಿನಲ್ಲಿ ಅದನ್ನು ಓದಿದವರು ವಾಚಿನ, ಚಪ್ಪಲಿಯ ಪಟ್ಟಿ ಅಂದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲೂ ಎರಡೂ ಮೂಲದಲ್ಲಿ ಒಂದೇ ಪದ, ಸ್ವರವೊಂದೇ ಬೇರೆ. ಕನ್ನಡ ಲಿಪಿಗೆ ಬಂದರೆ ಆ ವ್ಯತ್ಯಾಸವೂ ಉಳಿಯಲ್ಲ.

ಚೀಟಿಯಲ್ಲಿ ಇಷ್ಟು ತಪ್ಪದೆ ಹಾಕಿ. ತೊಗಲಿಗೆ ಹಚ್ಚುವ ಹಸಿರು ಪೇಸ್ಟ್ ಅಂದರೆ ಕ್ರೋಮಿಯಂ ಆಕ್ಸೈಡ್ ಅನ್ನೋ ನುಣ್ಣನೆಯ ಉಜ್ಜುಪುಡಿ, ತೆಳ್ಳಗೆ ಸವರಿದರೆ ಸಾಕು. ತೊಗಲಿನ ಮೇಲೆ ಬೀಳುವ ಕಪ್ಪು ಗೆರೆ ಚಾಕುವಿನಿಂದ ಬಂದ ಲೋಹ. ಅದು ಗಟ್ಟಿಯಾಗಿ ಹೊಳೆಯತೊಡಗಿದರೆ ಕೆರೆದು ಹೊಸ ಪೇಸ್ಟ್ ಹಚ್ಚಬೇಕು. ಒಣಗಿದ ತೊಗಲಿಗೆ ಎಣ್ಣೆ ಒಂದೆರಡು ಹನಿ ಮಾತ್ರ. ಜಾಸ್ತಿ ಕುಡಿಸಿದರೆ ತೊಗಲು ಮೆತ್ತಗಾಗಿ ಚಾಕುವಿನ ಬಾಯಿ ದುಂಡಗಾಗುತ್ತದೆ. ಕಲ್ಲಿನ ಪುಡಿ ಅಂಟಿದ ಚಾಕುವನ್ನು ಒರೆಸದೆ ತೊಗಲಿನ ಮೇಲೆ ಇಡಲೇಬಾರದು. ಒಂದು ಹರಳು ಕೂತರೂ ಮುಂದಿನ ಚಾಕುಗಳಿಗೆಲ್ಲ ಗೀರು.

ಉತ್ತರ (ಹಾವೇರಿ)

ಸಂಸ್ಕೃತದ ಸಾಣೆ ಬೇಡ, ಪಾರಸಿಯ ಚಾಕು ಬೇಕು. ಇದ್ಯಾವ ನ್ಯಾಯ? ಕತ್ತಿ, ಅಲಗು ಸತ್ತಿವೆಯೇ?

ಉತ್ತರ (ಧಾರವಾಡ)

ಉಳ್ಳಾಗಡ್ಡಿ ಹೆಚ್ಚಲು ಅಲಗು ಕೊಡಿ ಅಂತ ಯಾರು ಕೇಳುತ್ತಾರೆ? ಸಾಣೆ ಬೇಡ ಅಂದದ್ದು ಅದು ಕಲ್ಲಿನ ಕೆಲಸ ಅಂತ, ಸಂಸ್ಕೃತ ಅಂತಲ್ಲ. ದಯವಿಟ್ಟು ಪತ್ರ ಪೂರ್ತಿ ಓದಿ ಬರೆಯಿರಿ.

ಪ್ರಶ್ನೆ ಕೇಳಿದವರು (ಹುಬ್ಬಳ್ಳಿ)

ಬೋರ್ಡಿಗೆ ‘ಚಾಕು ತೀಡುವ ಬಾರು’ ಅಂತ ಬಿಡಿಸಿ ಬರೆಸುತ್ತಿದ್ದೇನೆ, ಚೀಟಿಯಲ್ಲಿ ತೀಡುಬಾರು. ಗದಗಿನವರ ಮಾತಿಗೆ ಬೆಲೆ ಕೊಟ್ಟು ಪಕ್ಕದಲ್ಲಿ ಚಿತ್ರವನ್ನೂ ಹಾಕಿಸುತ್ತೇನೆ. ಎರವಲಿನ ಜಗಳಕ್ಕೆ ಬೇರೆ ತಲೆಬರಹ ಕೊಟ್ಟು ಮುಂದುವರಿಸಿ.