ಅಪ್‌ಡೇಟ್: ವೈರಸ್ ಅಂದ್ಮೇಲೆ ಮಗಳಿಗೆ ಆಂಟಿಬಯೋಟಿಕ್ ಯಾಕೆ ಅಂತ ಕೇಳಿದ್ದೆ

ಹೋದ ವಾರ ಕೇಳಿದ್ದೆ ಅಲ್ವಾ, 4 ವರ್ಷದ ಮಗಳಿಗೆ ನ್ಯುಮೋನಿಯಾ ಆಗಿ ಹಾಸನದಲ್ಲಿ ಅಡ್ಮಿಟ್ ಮಾಡಿದೀವಿ, ಸ್ವಾಬ್ ರಿಪೋರ್ಟಲ್ಲಿ ಆರ್‌ಎಸ್‌ವಿ ಅನ್ನೋ, ಉಸಿರಾಟಕ್ಕೆ ತೊಂದ್ರೆ ಕೊಡೋ ವೈರಸ್ ಅಂತ ಬಂದಿದೆ, ಆದ್ರೂ ಆಂಟಿಬಯೋಟಿಕ್ ಯಾಕೆ ಅಂತ. ನಿನ್ನೆ ಡಿಸ್ಚಾರ್ಜ್ ಆಯ್ತು, ಸಕಲೇಶಪುರಕ್ಕೆ ವಾಪಸ್ ಬಂದ್ವಿ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ವಿಷ್ಯ ಏನಂದ್ರೆ ಅವಳಿಗೆ ಇದ್ದಿದ್ದು ಒಂದಲ್ಲ, ಎರಡು ಇನ್ಫೆಕ್ಷನ್. ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟು ಮೂರು ದಿನ ಆದ್ರೂ ಜ್ವರ ಇಳೀಲೇ ಇಲ್ಲ, ಆಗ ಡಾಕ್ಟರ್ ಇನ್ನೊಂದ್ ಟೆಸ್ಟ್ ಮಾಡ್ಸಿದ್ರು, ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾನೂ ಸಿಕ್ತು. ಬೇರೆ ಬ್ಯಾಕ್ಟೀರಿಯಾಗಳಿಗೆ ಸುತ್ತ ಒಂದು ಗೋಡೆ ಇರುತ್ತೆ, ಇದಕ್ಕೆ ಅದೇ ಇಲ್ಲ, ಅಮಾಕ್ಸಿಸಿಲಿನ್, ಪೆನಿಸಿಲಿನ್ ಎಲ್ಲಾ ಆ ಗೋಡೆ ಮೇಲೇ ಕೆಲಸ ಮಾಡೋದು, ಅದಕ್ಕೇ ನಾಟಿಲ್ಲ. ಗೋಡೆ ಮೇಲೆ ಕೆಲಸ ಮಾಡದ ಬೇರೆ ಥರದ ಆಂಟಿಬಯೋಟಿಕ್, ಅಜಿತ್ರೋಮೈಸಿನ್, ಶುರು ಮಾಡಿದ ಎರಡನೇ ದಿನಕ್ಕೆ ಜ್ವರ ಬಿಡ್ತು, ನಾನು ಅಲ್ಲೇ ವಾರ್ಡಲ್ಲೇ ಅತ್ತುಬಿಟ್ಟೆ. ಆರ್‌ಎಸ್‌ವಿಗೆ ಆಂಟಿಬಯೋಟಿಕ್ ಏನೂ ಮಾಡಲ್ಲ, ಆಕ್ಸಿಜನ್ನು, ಡ್ರಿಪ್ಪು ಕೊಟ್ಟು ಕಾಯೋದು ಅಷ್ಟೇ. ಸ್ವಾಬಲ್ಲಿ ಸಿಕ್ಕಿದ್ದೆಲ್ಲಾ ನ್ಯುಮೋನಿಯಾಗೆ ಕಾರಣ ಅಂತನೂ ಅಲ್ವಂತೆ, ಮಗು ಹೇಗಿದೆ ನೋಡ್ಕೊಂಡೇ ಔಷಧಿ ಡಿಸೈಡ್ ಮಾಡ್ತಾರೆ.

ಕೆಮ್ಮು ಇನ್ನೂ ಇದೆ. ಮಲಗಿದ್ದಾಗ ಉಸಿರು ಎಣಿಸ್ತಿದೀನಿ, ಈ ವಯಸ್ಸಿಗೆ ನಿಮಿಷಕ್ಕೆ 40 ಅಥವಾ ಜಾಸ್ತಿ ಆದ್ರೆ, ಪಕ್ಕೆ ಒಳಗೆ ಎಳೀತಿದ್ರೆ ತಕ್ಷಣ ಕರ್ಕೊಂಡ್ ಬನ್ನಿ ಅಂದಿದಾರೆ. ಇವತ್ತು ಬೆಳಿಗ್ಗೆ 28 ಇತ್ತು, ಗಂಜಿ ಅವಳೇ ಕೇಳಿ ಕುಡಿದಳು.