ಸಂಘದ ಸಾಲದಲ್ಲಿ ತುಡುವೆ ಜೇನು: ಮಳೆಗಾಲದ ಕಂತು ಎಲ್ಲಿಂದ?

ಪ್ರಶ್ನೆ (ಪೊನ್ನಂಪೇಟೆ ತಾಲ್ಲೂಕು):
ನಮ್ಮದು 10 ಜನರ ಸಂಜೀವಿನಿ ಸ್ವಸಹಾಯ ಸಂಘ. ತಲಾ 3ರಂತೆ 30 ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಪೆಟ್ಟಿಗೆಗೆ ಬ್ಯಾಂಕ್ ಸಾಲ ಕೇಳಿದ್ದೇವೆ. ಮೇ ತಿಂಗಳಲ್ಲಿ ಪೆಟ್ಟಿಗೆ, ಜೂನ್‌ನಿಂದ ಕಂತು. ಹಿಂದಿನ ಯೋಜನೆಯಲ್ಲಿ ಕೊಟ್ಟ ಪೆಟ್ಟಿಗೆಗಳು ಊರಲ್ಲಿ ಖಾಲಿ ಬಿದ್ದಿವೆ. ಸಾಲವೂ ತೀರಿ ಕಸುಬೂ ಉಳಿಯಲು ಏನು ಮಾಡಬೇಕು?

ಜೇನುಕೃಷಿಕ, ಭಾಗಮಂಡಲ:
ಅಕ್ಕ, ದಯವಿಟ್ಟು ಮೇ ತಿಂಗಳಲ್ಲಿ ತರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಜೇನುನೊಣ ಹೊರಗೆ ಹೋಗುವ ದಿನಗಳೇ ಕಡಿಮೆ. ಪ್ರತಿ ಜೇನು ಕುಟುಂಬಕ್ಕೆ, ಅಂದರೆ ಒಂದು ಪೆಟ್ಟಿಗೆಯ ನೊಣಗಳಿಗೆ, ವಾರಕ್ಕೆ 200 ಗ್ರಾಂ ಸಕ್ಕರೆಯನ್ನು ಅಷ್ಟೇ ತೂಕದ ನೀರಲ್ಲಿ ಕರಗಿಸಿ ಕೊಡಬೇಕು. 17 ವಾರಕ್ಕೆ 3.4 ಕೆಜಿ, 30 ಪೆಟ್ಟಿಗೆಗೆ 102 ಕೆಜಿ. ಇದು ಯೋಜನಾ ವರದಿಯಲ್ಲಿ ಇಲ್ಲದಿದ್ದರೆ ಯಾರೂ ಕೊಡುವುದಿಲ್ಲ. ಹಸಿದ ತುಡುವೆ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಊರಲ್ಲಿ ಖಾಲಿ ಬಿದ್ದವುಗಳಲ್ಲಿ ಹೆಚ್ಚಿನವು ಹೀಗೇ ಖಾಲಿಯಾಗಿರುತ್ತವೆ.

ಅಕ್ಟೋಬರ್ ಕೊನೆಗೆ ತಲಾ ಒಂದೇ ಪೆಟ್ಟಿಗೆಯಿಂದ ಶುರು ಮಾಡಿ. ಹೂಮಳೆ ಬಿದ್ದು ಕಾಫಿ ಅರಳುವ ಹೊತ್ತಿಗೆ ಕುಟುಂಬ ಬಲವಾಗಿರುತ್ತದೆ, ಏಪ್ರಿಲ್-ಮೇಯಲ್ಲಿ ಮೊದಲ ಜೇನುತುಪ್ಪ. ಪೆಟ್ಟಿಗೆಗೆ 5 ಕೆಜಿ ಎಂದೇ ಲೆಕ್ಕ ಹಿಡಿಯಿರಿ, ಹೆಚ್ಚು ಬಂದರೆ ಲಾಭ. ಎರಡನೇ, ಮೂರನೇ ಪೆಟ್ಟಿಗೆಯನ್ನು ನಿಮ್ಮ ಜೇನು ಕುಟುಂಬಗಳನ್ನೇ ಪಾಲು ಮಾಡಿ ತುಂಬಿಸಿ. ಆಗ ಅವಕ್ಕೆ ಸಾಲ ಮರದ ಪೆಟ್ಟಿಗೆಗೆ ಮಾತ್ರ, ನೊಣಕ್ಕಲ್ಲ.

ಇನ್ನೊಂದು ಮಾತು: ಒಂದು ಪೆಟ್ಟಿಗೆಯ ಎರಿಯನ್ನು (ನೊಣ ಕಟ್ಟುವ ಮೇಣದ ಹಲ್ಲೆ) ಇನ್ನೊಂದಕ್ಕೆ ಸುಮ್ಮನೆ ಬದಲಿಸಬೇಡಿ. 1991-92ರಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆಯನ್ನು ಬಹುತೇಕ ಅಳಿಸಿಹಾಕಿತ್ತು. ಇವತ್ತಿಗೂ ಔಷಧ ಇಲ್ಲ. ಮರಿಗಳು ನೀರು ತುಂಬಿದ ಚೀಲದಂತೆ ಸತ್ತಿದ್ದರೆ ಆ ಪೆಟ್ಟಿಗೆಯನ್ನು ದೂರ ಇಡಿ.

ಸ್ವಸಹಾಯ ಸಂಘಗಳ ಒಕ್ಕೂಟದ ಲೆಕ್ಕಪುಸ್ತಕ ಬರಹಗಾರ್ತಿ, ಸೋಮವಾರಪೇಟೆ:
ಬ್ಯಾಂಕಿಗೆ ಪ್ರತಿ ತಿಂಗಳೂ ಕಂತು ಹೋಗಲೇಬೇಕು, ಜೇನು ಮಾತ್ರ ವರ್ಷಕ್ಕೊಮ್ಮೆ. ಆದ್ದರಿಂದ ಸಂಘದ ಸಾಲದ ಮೂರನೇ ಒಂದು ಪಾಲಿಗಿಂತ ಹೆಚ್ಚು ಜೇನಿಗೆ ಹಾಕಬೇಡಿ. ಉಳಿದದ್ದು ಹಾಲು, ಹೊಲಿಗೆ, ಅಂಗಡಿಯಂತಹ ತಿಂಗಳ ಆದಾಯದ ಕೆಲಸಕ್ಕೆ ಇರಲಿ. ಜೇನಿನ ಸದಸ್ಯೆ ಸಂಘಕ್ಕೆ ತಿಂಗಳಿಗೆ ಬಡ್ಡಿ ಮಾತ್ರ ಕಟ್ಟಿ, ಅಸಲನ್ನು ಮೇ, ಜೂನ್‌ನಲ್ಲಿ ಕಟ್ಟುವುದೆಂದು ನಡಾವಳಿಯಲ್ಲಿ ಬರೆದು ಸಹಿ ಹಾಕಿಸಿ. ಬಡ್ಡಿಯನ್ನೂ ಬಿಟ್ಟರೆ ಅಸಲೂ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಬ್ಯಾಂಕ್ ಸಾಲವನ್ನು ಅಕ್ಟೋಬರ್‌ಗೆ ಮುಂದೂಡಲು ಕೇಳುತ್ತೇವೆ. ತರಬೇತಿ 3 ದಿನವಂತೆ, ಸಾಕೇ?

ಜೇನುಕೃಷಿಕ, ಭಾಗಮಂಡಲ:
ಸಾಲದು. ಪೆಟ್ಟಿಗೆ ಇಟ್ಟಾಗ, ಜನವರಿ-ಫೆಬ್ರವರಿಯಲ್ಲಿ ರಾಣಿಕೋಶ (ಹೊಸ ರಾಣಿ ಬೆಳೆಯುವ ಗೂಡು) ಬಂದಾಗ, ತುಪ್ಪ ತೆಗೆಯುವಾಗ, ಜುಲೈ ಮಳೆಯಲ್ಲಿ, ಹೀಗೆ 4 ಸಲ ಪೆಟ್ಟಿಗೆ ಬಳಿಯೇ ಕಲಿಯಬೇಕು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನಿಮ್ಮಲ್ಲೇ ಇಬ್ಬರು ಪೂರ್ತಿ ಕಲಿತು, ಉಳಿದವರ ಪೆಟ್ಟಿಗೆ ನೋಡಲು ಭೇಟಿಗೆ ಇಂತಿಷ್ಟು ಎಂದು ಸಂಘದಿಂದಲೇ ಹಣ ಪಡೆಯಲಿ. ಯೋಜನೆಯ ಸಂಬಳ ನಿಂತರೂ ಆಗ ಅವರು ಬರುತ್ತಾರೆ. ಪ್ರತಿ ಪೆಟ್ಟಿಗೆಯ ಮುಚ್ಚಳದೊಳಗೆ ಒಂದು ಚೀಟಿ: ದಿನಾಂಕ, ನೊಣ ತುಂಬಿದ ಎರಿ ಎಷ್ಟು, ರಾಣಿ ಕಂಡಿತೇ, ಕೊಟ್ಟ ಸಕ್ಕರೆ. ನೊಣ ಮುಚ್ಚದ ಎರಿ ಕಂಡರೆ ಅಂದೇ ತೆಗೆಯಿರಿ, ಎರಿ ತಿನ್ನುವ ಮೇಣದ ಹುಳು ಅಲ್ಲಿಂದಲೇ ಶುರು.