ಹಳೆಯ ಆಟವನ್ನು ಯಾವ ಫೋಲ್ಡರ್‌ಗೆ ಹಾಕಬೇಕು?

ಪ್ರಶ್ನೆ: 2002ರ ಕಾಲದ ಆಟವೊಂದನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಹಾಕಿದ್ದೇನೆ. ಮಾಡ್‌ಗಾಗಿ (ಆಟಗಾರರೇ ಮಾಡಿದ ಮಾರ್ಪಾಡು) ಆಟದ ಸೆಟ್ಟಿಂಗ್ ಇರುವ ಐಎನ್‌ಐ ಫೈಲ್ ತಿದ್ದಿದರೂ ಆಟ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಆಟದ ಒಳಗೆ ರೆಸಲ್ಯೂಶನ್ ಬದಲಿಸಿದರೆ ಮಾತ್ರ ಉಳಿಯುತ್ತದೆ. ಆದರೆ ಫೈಲ್ ತೆರೆದರೆ ಹಳೆಯ ಅಂಕಿಯೇ ಇದೆ! ಡಿ ಡ್ರೈವ್‌ಗೆ ಹಾಕಿದರೆ ಸರಿಹೋಗುತ್ತಾ?

ಉತ್ತರ 1: ಡ್ರೈವ್ ಯಾವುದಾದರೂ ಪರವಾಗಿಲ್ಲ, ಫೋಲ್ಡರ್ ಮುಖ್ಯ. ವಿಂಡೋಸ್ ವಿಸ್ತಾದಿಂದ ಈಚೆಗೆ ಪ್ರೋಗ್ರಾಂ ಫೈಲ್ಸ್‌ಗೆ ಕಾವಲಿದೆ. ಹಳೆಯ 32 ಬಿಟ್ ಆಟ ಅಲ್ಲಿ ಬರೆಯಲು ಹೋದರೆ, ವಿಂಡೋಸ್ ಸದ್ದಿಲ್ಲದೆ ಅದನ್ನು ನಿಮ್ಮ ಯೂಸರ್ ಫೋಲ್ಡರ್‌ನ ಆ್ಯಪ್‌ಡೇಟಾ ಒಳಗಿನ ಲೋಕಲ್‌ನಲ್ಲಿರುವ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರ್‌ಗೆ ತಿರುಗಿಸುತ್ತದೆ. ಆಮೇಲೆ ಆಟ ಓದುವುದೂ ಆ ನಕಲನ್ನೇ. ನೀವು ತಿದ್ದುತ್ತಿರುವುದು ಬೇರೆ ಫೈಲ್, ಅಷ್ಟೇ. ಸಿ ಡ್ರೈವ್‌ನಲ್ಲೇ ‘ಗೇಮ್ಸ್’ ಅಂತ ಹೊಸ ಫೋಲ್ಡರ್ ಮಾಡಿ, ಅಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಿ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಹಳೆಯ ಆಟಗಳು ಕನ್ನಡ ಲಿಪಿ ಕಂಡರೆ ತಡವರಿಸುತ್ತವೆ.

ಉತ್ತರ 2: ಸುಮ್ನೆ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಸಾಲದಾ?

ಉತ್ತರ 1: ಸಾಲುತ್ತದೆ, ಆದರೆ ಎಲ್ಲಿಂದಲೋ ಇಳಿಸಿಕೊಂಡ ಮಾಡ್‌ಗೂ ಪೂರ್ತಿ ಅಧಿಕಾರ ಕೊಟ್ಟಂತೆ. ನನಗದು ಇಷ್ಟವಿಲ್ಲ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಆಟವಾದರೆ ಇನ್ನೂ ಸುಲಭ: ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಬೇರೆ ಡ್ರೈವ್ ಸೇರಿಸಿ, ಆಟವನ್ನು ಅಲ್ಲಿಗೆ ಸರಿಸಿ.

ಪ್ರಶ್ನೆ ಕೇಳಿದವರು: ವರ್ಚುವಲ್‌ಸ್ಟೋರ್‌ನಲ್ಲಿ ನನ್ನ ಸೇವ್ ಫೈಲ್‌ಗಳೂ ಇವೆ! ನಕಲು ಮಾಡಿಕೊಂಡೇ ಅನ್‌ಇನ್‌ಸ್ಟಾಲ್ ಮಾಡುತ್ತೇನೆ.